ಬೆಚ್ಚಗಾಗುವ ತನಕ ಬಿಗಿದ ಬೋಲ್ಟು

ನಾನು ಕೆಲಸ ಬಿಟ್ಟಾಗ ಯಾರೂ ಶಾಲು ಹೊದಿಸಲಿಲ್ಲ. ಒಂದು ದಿನ ಬೆಳಿಗ್ಗೆ ಹತ್ತನೇ ನಂಬರಿನ ಪಾನಾ ಮತ್ತು ಹನ್ನೊಂದನೇ ನಂಬರಿನ ಪಾನಾ ಎರಡೂ ನನ್ನ ಕಣ್ಣಿಗೆ ಒಂದೇ ಆಗಿ ಕಂಡವು. ಎರಡನ್ನೂ ಒರೆಸಿ, ಗೋಡೆಯ ಮೊಳೆಗೆ ತೂಗುಹಾಕಿ, ಕೈ ತೊಳೆದುಕೊಂಡು ಒಳಗೆ ಬಂದೆ. ಅಷ್ಟೇ ನನ್ನ ನಿವೃತ್ತಿ. ಪಾನಾ ಅಂದರೆ ನೀವು ಸ್ಪ್ಯಾನರ್ ಅನ್ನುತ್ತೀರಲ್ಲ, ಅದೇ.

ಈಗ ನಮ್ಮಕ್ಕನ ಮೊಮ್ಮಗಳು ಮೋಟಾರು ಮೆಕ್ಯಾನಿಕ್ ಕೋರ್ಸಿಗೆ ಸೇರಿದ್ದಾಳೆ. ಕ್ಲಾಸಿನಲ್ಲಿ ಹುಡುಗಿಯರು ಮೂವರೇ ಅಂತೆ. ನೀವು ಕಲಿತದ್ದನ್ನೆಲ್ಲ ಬರೆದುಕೊಡಿ ಅಂತ ಬೆನ್ನು ಬಿದ್ದಿದ್ದಾಳೆ. ಹಾಗಾಗಿ ಇದು ಆ ಮೂವರಿಗೆ. ಬಡ್ತಿಯ ವಿಷಯ ಬರೆಯಲು ನನ್ನಲ್ಲಿ ಏನೂ ಇಲ್ಲ. ಅಡುಗೆಮನೆಯ ಹೊಸ್ತಿಲು ದಾಟಿ ಗ್ಯಾರೇಜಿಗೆ ಕಾಲಿಟ್ಟದ್ದೊಂದೇ ನನಗೆ ಸಿಕ್ಕ ಬಡ್ತಿ, ಅದಕ್ಕೂ ಎರಡು ವರ್ಷ ಹಿಡಿಯಿತು.

ನಮ್ಮ ಗ್ಯಾರೇಜು ಕಲಘಟಗಿಯಲ್ಲಿ, ಕಾರವಾರದ ರಸ್ತೆಗೆ ಹತ್ತಿಕೊಂಡೇ ಇತ್ತು. ಮುಂದೆ ತಗಡಿನ ಶೆಡ್ಡು, ಹಿಂದೆ ಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ನೇರ ಗ್ಯಾರೇಜು. ಆ ಬಾಗಿಲಿನ ಹೊಸ್ತಿಲು ಎರಡು ಸರಕಾರಗಳ ನಡುವಿನ ಗಡಿ. ಗ್ರೀಸು ಮೆತ್ತಿದವರು ಯಾರೂ ಒಳಗೆ ಬರಬಾರದು ಅಂತ ಅತ್ತೆಯವರ ಕಾಯಿದೆ. ಹೆಣ್ಣುಮಕ್ಕಳು ಯಾರೂ ಹೊರಗೆ ಬರಬಾರದು ಅಂತ ಮಾವನವರ ಕಾಯಿದೆ. ಮಾವನವರು ಅಂದರೆ ಸಿದ್ದಪ್ಪ ಮಿಸ್ತ್ರಿ. ಗಾಡಿ ರಸ್ತೆಯಲ್ಲಿ ಬರುತ್ತಿದ್ದ ಹಾಗೆಯೇ ಅದಕ್ಕೆ ಏನಾಗಿದೆ ಅಂತ ಸದ್ದಿನ ಮೇಲೆ ಹೇಳುತ್ತಿದ್ದವರು. ಓದು ಬರಹ ಅವರಿಗೆ ಬರುತ್ತಿರಲಿಲ್ಲ. ಅವರ ಮಗ ಈರಣ್ಣ, ಅಂದರೆ ನಮ್ಮವರು, ಏಳನೆಯ ಇಯತ್ತೆವರೆಗೆ ಕನ್ನಡ ಸಾಲಿ ಕಲಿತಿದ್ದರು.

ಆಗ ಎಂಬತ್ತರ ದಶಕದ ನಡುವಿನ ವರ್ಷಗಳು. ಸಣ್ಣ ಸಣ್ಣ ಹೊಸ ನಮೂನೆಯ ಕಾರುಗಳು ನಮ್ಮ ಕಡೆಗೂ ಬರತೊಡಗಿದ್ದವು. ಅವುಗಳ ಇಂಜಿನ್ನಿನ ಕೇಸು ಅಲ್ಯೂಮಿನಿಯಂನದು, ಹಗುರ, ಮೆತ್ತಗೆ. ಜೊತೆಗೆ ಒಂದು ದಪ್ಪನೆಯ ಇಂಗ್ಲಿಷ್ ಪುಸ್ತಕ. ಹುಬ್ಬಳ್ಳಿಯಲ್ಲಿ ಯಾರೋ ಪರಿಚಯದವರು ಅಂಥದೊಂದು ರಿಪೇರಿ ಪುಸ್ತಕವನ್ನು ಮಾವನವರಿಗೆ ಕೊಟ್ಟರು. ಓದುವವರು ಇಲ್ಲದ್ದರಿಂದ ಮಾವನವರು ಅದಕ್ಕೆ ಕುಂಕುಮ ಹಚ್ಚಿ ದೇವರ ಜಗುಲಿಯ ಮೇಲಿಟ್ಟರು. ಒಂದು ತಿಂಗಳು ಅದಕ್ಕೆ ದಿನಾ ಊದಿನಕಡ್ಡಿ ಬೆಳಗಲಾಯಿತು. ಕಡೆಗೆ ನಮ್ಮವರಿಗೆ ನೆನಪಾಯಿತು: ತಾವು ಮದುವೆಯಾಗಿ ತಂದ ಹೆಂಡತಿ ಶಾಂತಾ, ಅಂದರೆ ನಾನು, ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಹತ್ತನೆಯವರೆಗೆ ಓದಿದವಳು.

ಹೀಗೆ ನನ್ನ ಕೆಲಸ ಶುರುವಾಯಿತು. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ ಹೊಸ್ತಿಲ ಮೇಲೆ ಕೂಡುತ್ತಿದ್ದೆ. ಕಾಲು ಅತ್ತೆಯವರ ಸರಕಾರದಲ್ಲಿ, ಪುಸ್ತಕ ಮಾವನವರ ಸರಕಾರದಲ್ಲಿ. ನಾನು ಓದಿ ಕನ್ನಡದಲ್ಲಿ ಹೇಳುವುದು, ನಮ್ಮವರು ಕಾರಿನ ಕೆಳಗಿನಿಂದ "ಹಂ" ಅನ್ನುವುದು, ಮಾವನವರು ಬೀಡಿ ಕಚ್ಚಿಕೊಂಡು "ಅದು ನನಗ ಮೊದಲ ಗೊತ್ತಿತ್ತು" ಅನ್ನುವುದು.

ನನಗೆ ಅಲ್ಲಿ ಏನು ಹಿಡಿಸಿತು ಅಂದರೆ, ಗ್ಯಾರೇಜಿನಲ್ಲಿ ಪ್ರತಿಯೊಂದು ಸಣ್ಣ ಸಾಮಾನಿಗೂ ಒಂದು ಹೆಸರಿತ್ತು. ನಮ್ಮ ಅಡುಗೆಮನೆಯಲ್ಲಿ ಎಲ್ಲವೂ "ಅದು". ಅದನ್ನು ತಾ, ಅದರೊಳಗೆ ಹಾಕು, ಅದರ ಮೇಲೆ ಮುಚ್ಚು. ಗ್ಯಾರೇಜಿನಲ್ಲಿ ಉಗುರಿನಷ್ಟು ವಾಶರ್ ಕಳೆದರೂ ಬೆಳೆದ ಗಂಡಸರು ನೆಲದ ಮೇಲೆ ಅಂಬೆಗಾಲಿಟ್ಟು ಹೆಸರು ಹಿಡಿದು ಹುಡುಕುತ್ತಿದ್ದರು. ನನಗೆ ಆ ಹೊಸ್ತಿಲು ದಾಟಬೇಕು, ಒಂದು ಬೋಲ್ಟನ್ನಾದರೂ ನನ್ನ ಕೈಯಿಂದ ಕೂಡಿಸಬೇಕು ಅನ್ನುವ ಆಸೆ ದಿನದಿಂದ ದಿನಕ್ಕೆ ಬೆಳೆಯಿತು. ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಮೊದಲು ಕೈಗೆ ಬಂದ ಕೆಲಸ ಪ್ಯಾಕಿಂಗ್ ಕತ್ತರಿಸುವುದು. ಇಂಜಿನ್ನಿನ ಎರಡು ಭಾಗ ಕೂಡುವಲ್ಲಿ ಎಣ್ಣೆ ಸೋರದ ಹಾಗೆ ನಡುವೆ ಕಾಗದದ ಪ್ಯಾಕಿಂಗ್ ಇಡುತ್ತಾರೆ. ನನ್ನ ಕಸೂತಿಯ ಕತ್ತರಿ ಸಣ್ಣದು, ಚೂಪು. ಬೋಲ್ಟಿನ ತೂತುಗಳನ್ನು ಅದು ಗುಂಡಗೆ ಕತ್ತರಿಸುತ್ತದೆ ಅಂತ ಮಾವನವರಿಗೆ ಗೊತ್ತಾದದ್ದೇ ತಡ, ಹೊಸ್ತಿಲಿಗೆ ಕೆಲಸ ಬರತೊಡಗಿತು. ಪ್ಯಾಕಿಂಗಿನ ಕಾಗದ ಮುಗಿದಿದ್ದ ಒಂದು ದಿನ ಕಪಾಟಿನಲ್ಲಿದ್ದ ಒಂದು ಲಗ್ನಪತ್ರಿಕೆ ಹದವಾಗಿ ದಪ್ಪ ಅನಿಸಿತು. ಒಳ್ಳೆಯ ಕಾಗದ, ಅಂಚಿಗೆ ಬಂಗಾರದ ಬಣ್ಣ. ಕತ್ತರಿಸಿ ಕೊಟ್ಟೆ. ದುಮ್ಮವಾಡದ ರುದ್ರಗೌಡರ ಜೀಪಿಗೆ ಅದನ್ನು ಕೂಡಿಸಿದರು.

ಆರು ತಿಂಗಳ ಮೇಲೆ ಆ ಜೀಪು ಮತ್ತೆ ಬಿಚ್ಚಲು ಬಂತು. ಗೌಡರು ಪಕ್ಕದಲ್ಲೇ ನಿಂತಿದ್ದರು. ಮುಚ್ಚಳ ತೆಗೆದಾಗ ಎಣ್ಣೆಯಲ್ಲಿ ನೆಂದ ಕಾಗದದ ಮೇಲೆ ಅವರ ಮಗಳ ಹೆಸರು, ಅಳಿಯನ ಹೆಸರಿನ ಅರ್ಧ, ಕೆಳಗೆ "ಮುಹೂರ್ತಕ್ಕೆ ಸರಿಯಾಗಿ ಆಗಮಿಸಿ" ಅನ್ನುವುದು ಸ್ಪಷ್ಟವಾಗಿ ಕಂಡವು.

"ಏನ ಮಿಸ್ತ್ರಿ," ಅಂದರು ಗೌಡರು, "ನನ್ನ ಮಗಳ ಲಗ್ನಕ್ಕ ಯಾಕ ಬರಲಿಲ್ಲ ಅಂತ ಈಗ ತಿಳೀತ ನೋಡು. ಪತ್ರಿಕಿ ನೀ ಓದೇ ಇಲ್ಲ, ಇಂಜಿನ್ನಿಗೆ ಓದಾಕ ಕೊಟ್ಟೀಯಲ್ಲ."

ಮಾವನವರು ಜಗ್ಗಲಿಲ್ಲ. ಇಂಜಿನ್ನು ಮುಹೂರ್ತಕ್ಕೆ ಸರಿಯಾಗಿಯೇ ಬಂದಿದೆ, ಆರು ತಿಂಗಳಲ್ಲಿ ಒಂದು ಹನಿ ಸೋರಿಲ್ಲ ಅಂದರು. ನಾನು ಬಾಗಿಲ ಮರೆಗೆ ಸರಿದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಕಲಿಯುವ ಹುಡುಗಿಯರಿಗೆ ಒಂದು ಮಾತು: ಪ್ಯಾಕಿಂಗಿಗೆ ಏನಾದರೂ ಕತ್ತರಿಸುವ ಮೊದಲು ಎರಡೂ ಬದಿ ಓದಿರಿ.

ಎರಡನೆಯದು ಪೌಡರಿನ ಪ್ರಸಂಗ. ಇಂಜಿನ್ನಿನಲ್ಲಿ ಎಣ್ಣೆ ಕಾಣುವ ಜಾಗವೇ ಎಣ್ಣೆ ಸೋರುವ ಜಾಗವಲ್ಲ. ಮೇಲೆಲ್ಲೋ ಸೋರಿ, ಗಾಳಿಗೆ ಹರಡಿ, ಕೆಳಗಿನ ಅಂಚಿಗೆ ಬಂದು ತೊಟ್ಟಿಕ್ಕುತ್ತದೆ. ದೇವಿಕೊಪ್ಪದ ಲಾರಿ ಡ್ರೈವರ್ ಮಾಬೂಸಾಬರ ಗಾಡಿಗೆ ಮೂರು ಸಲ ಪ್ಯಾಕಿಂಗ್ ಬದಲಿಸಿದರೂ ಹನಿ ನಿಂತಿರಲಿಲ್ಲ. ಪುಸ್ತಕದಲ್ಲಿ ಒಂದು ಉಪಾಯ ಬರೆದಿತ್ತು. ಇಂಜಿನ್ನನ್ನು ಚೆನ್ನಾಗಿ ತೊಳೆದು, ಒಣಗಿಸಿ, ಮೇಲೆ ಬಿಳಿಯ ಪುಡಿ ಉದುರಿಸಿ ಸ್ವಲ್ಪ ಓಡಿಸಿದರೆ ಸೋರುವ ಜಾಗ ತಾನೇ ಒದ್ದೆಯಾಗಿ ಕಾಣುತ್ತದೆ. ನಾನು ನನ್ನ ಮುಖದ ಪೌಡರಿನ ಡಬ್ಬಿಯನ್ನೇ ಕೊಟ್ಟೆ. ನಮ್ಮವರು ಅರ್ಧ ಡಬ್ಬಿ ಖಾಲಿ ಮಾಡಿದರು. ಇಂಜಿನ್ನು ಮದುಮಗಳ ಹಾಗೆ ಬೆಳ್ಳಗಾಯಿತು. ಹತ್ತು ನಿಮಿಷ ಓಡಿಸಿದ್ದೇ ತಡ, ಯಾರೂ ಸಂಶಯಪಡದ ಒಂದು ಮೂಲೆಯ ಬೋಲ್ಟಿನ ಬುಡದಲ್ಲಿ ಕಪ್ಪು ಗೆರೆ ಇಳಿಯಿತು. ಮಾವನವರು ಅದು ತಮಗೆ ಮೊದಲೇ ಗೊತ್ತಿತ್ತು ಅಂದರು.

ಮರುದಿನ ಮಾಬೂಸಾಬರು ಹೆಂಡತಿಯನ್ನು ಕರೆದುಕೊಂಡು ಗ್ಯಾರೇಜಿಗೆ ಬಂದರು. ಆಕೆ ಮುಖ ಊದಿಸಿಕೊಂಡು ನಿಂತಿದ್ದರು. ಗಂಡ ಮಲ್ಲಿಗೆಯ ಪೌಡರಿನ ಘಮ ಹೊತ್ತು ಮನೆಗೆ ಹೋದದ್ದಕ್ಕೆ ಅವರು ಅನ್ನ ಬಡಿಸಿರಲಿಲ್ಲ. ನಾನು ಹೊಸ್ತಿಲ ಮೇಲೆ ನಿಂತು ಡಬ್ಬಿ ತೋರಿಸಿ, ಪೌಡರು ನನ್ನದು, ಹಚ್ಚಿದ್ದು ಇಂಜಿನ್ನಿಗೆ ಅಂತ ಸಾಕ್ಷಿ ಹೇಳಬೇಕಾಯಿತು. ಅವರು ನನ್ನನ್ನು ನೋಡಿದರು, ಲಾರಿಯನ್ನು ನೋಡಿದರು, ಬಗ್ಗಿ ಇಂಜಿನ್ನನ್ನು ಮೂಸಿ ನೋಡಿದರು. ಆಮೇಲೆ, ಇನ್ನು ಮುಂದೆ ವಾಸನೆ ಇಲ್ಲದ್ದನ್ನು ಹಚ್ಚಿ ಕಳಿಸಿರಿ ಅಂತ ಹೇಳಿ ಹೋದರು.

ಇಷ್ಟಾದರೂ ನಾನು ಹೊಸ್ತಿಲ ಮೇಲೆಯೇ ಇದ್ದೆ. ಆಗ ರುದ್ರಗೌಡರು ಜೀಪು ಮಾರಿ ಒಂದು ಹೊಸ ಸಣ್ಣ ಕಾರು ತಂದರು. ದುಮ್ಮವಾಡಕ್ಕೆ ಅಂಥದು ಅದೇ ಮೊದಲನೆಯದು. ಎಣ್ಣೆ ಬದಲಿಸಲು ನಮ್ಮಲ್ಲಿಗೇ ಬಂತು. ಇಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಭಾಗಕ್ಕೆ ಮಿಸ್ತ್ರಿಗಳು ಚೇಂಬರ್ ಅನ್ನುತ್ತಾರೆ. ಅದರ ತಳದಲ್ಲಿ ಒಂದು ಬೋಲ್ಟು. ಬಿಚ್ಚಿದರೆ ಹಳೆಯ ಎಣ್ಣೆ ಇಳಿಯುತ್ತದೆ, ಬಿಗಿದು ಹೊಸದನ್ನು ಹಾಕಬೇಕು. ಈ ಕೆಲಸ ಮಾವನವರಿಗೆ ಕಣ್ಣು ಮುಚ್ಚಿ ಬರುತ್ತಿತ್ತು. ಆದರೆ ಅವತ್ತು ಅವರು ಬಮ್ಮಿಗಟ್ಟಿಗೆ ಹೋಗಿದ್ದರು. ಹೊಸ ಕಾರಲ್ಲವೇ, ಪುಸ್ತಕದ ಪ್ರಕಾರವೇ ಮಾಡೋಣ ಅಂತ ನಮ್ಮವರು ನನ್ನನ್ನು ಕರೆದರು.

ಬೋಲ್ಟನ್ನು 'ಸ್ನಗ್' ಆಗುವ ತನಕ ಬಿಗಿಯಿರಿ ಅಂತ ಪುಸ್ತಕದಲ್ಲಿತ್ತು.

ಈ ಶಬ್ದ ನನಗೆ ಬಹಳ ಪರಿಚಯದ್ದು. ಕಾನ್ವೆಂಟಿನ ಎರಡನೆಯ ತರಗತಿಯ ಪುಸ್ತಕದಲ್ಲಿ ಬುಟ್ಟಿಯೊಳಗೆ ಮೂರು ಬೆಕ್ಕಿನ ಮರಿ ಮಲಗಿದ ಚಿತ್ರವಿತ್ತು, ಅದರ ಕೆಳಗೆ ಈ ಶಬ್ದ. ಸಿಸ್ಟರ್ ಫಿಲೋಮಿನಾ ತಮ್ಮ ಎರಡೂ ತೋಳು ತಬ್ಬಿಕೊಂಡು, ಕಣ್ಣು ಮುಚ್ಚಿ ಅರ್ಥ ತೋರಿಸಿದ್ದರು. ಬೆಚ್ಚಗೆ. ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದೆ: "ಬೋಲ್ಟು ಬೆಚ್ಚಗಾಗುವ ತನಕ ಬಿಗೀಬೇಕಂತ್ರಿ."

ನಮ್ಮವರು ಬಿಗಿದರು. ಕೈಯಿಂದ ಮುಟ್ಟಿ ನೋಡಿದರು. "ತಣ್ಣಗ ಐತಿ" ಅಂದರು. ಮತ್ತೆ ಬಿಗಿದರು. ನಾನು ಪುಸ್ತಕದಲ್ಲಿ ಬೆರಳಿಟ್ಟು ಕಾಯುತ್ತಿದ್ದೆ. ಅವರು ಪಾನಾದ ತುದಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿಕೊಂಡು, ಕಾರಿನ ಕೆಳಗೆ ನಿಂತು ಕೆಲಸ ಮಾಡುವ ಗುಂಡಿಯ ಗೋಡೆಗೆ ಕಾಲಿನಿಂದ ಒತ್ತು ಕೊಟ್ಟು ಇನ್ನೊಂದು ಸುತ್ತು ಎಳೆದರು. ಆಗ ಬೋಲ್ಟು ಒಮ್ಮೆಗೇ ಹಗುರಾಯಿತು. ಬೆಣ್ಣೆಯಲ್ಲಿ ಸೌಟು ತಿರುಗಿದ ಹಾಗೆ ತನ್ನಷ್ಟಕ್ಕೆ ತಿರುಗತೊಡಗಿತು.

"ಈಗ ಒಂಚೂರು ಬೆಚ್ಚಗ ಆಗೇತಿ ನೋಡು" ಅಂದರು ನಮ್ಮವರು, ಖುಷಿಯಿಂದ.

ಬಿಚ್ಚಿ ತೆಗೆದರೆ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಎಳೆ ಎಳೆಯಾಗಿ, ಹೊಳೆಯುವ ಶಾವಿಗೆಯ ಹಾಗೆ ಸುತ್ತಿಕೊಂಡಿತ್ತು. ಚೇಂಬರಿನ ತೂತಿನ ಒಳಗೆ ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಗೆರೆ, ಅಂದರೆ ಥ್ರೆಡ್ಡು, ಪೂರಾ ಕಿತ್ತು ಬಂದಿತ್ತು. ಆ ಶಾವಿಗೆ ನೋಡಿದಾಗ ನನಗೆ ಸಿಸ್ಟರ್ ಫಿಲೋಮಿನಾ ಕಣ್ಣು ತೆರೆದ ಹಾಗೆ ಅನಿಸಿತು.

ಮಾವನವರು ಬಂದು ಎಲ್ಲ ಕೇಳಿದರು. ಎರಡು ಸಲ ಕೇಳಿದರು. ಬಯ್ಯಲಿಲ್ಲ. ಬೀಡಿ ಆರಿಸಿ, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮತ್ತೆ ದೇವರ ಜಗುಲಿಯ ಮೇಲಿಟ್ಟು ಬಂದರು. "ಅಲ್ಲಿದ್ದಾಗ ಯಾರಿಗೂ ತ್ರಾಸ ಕೊಟ್ಟಿರಲಿಲ್ಲ ಅದು" ಅಂದರು. ಹಿಂಬಾಗಿಲು ಮುಚ್ಚಿತು.

ಮೂರು ದಿನ ನಾನು ಮುಚ್ಚಿದ ಬಾಗಿಲಿನ ಈಚೆ ರೊಟ್ಟಿ ಬಡಿದೆ. ಆಚೆ ಏನು ನಡೆದಿದೆ ಅನ್ನುವುದು ಸದ್ದಿನಿಂದ, ಬಾಗಿಲ ಸಂದಿಯಿಂದ ತಿಳಿಯುತ್ತಿತ್ತು. ಮಾವನವರು ಮೊದಲು ಬೋಲ್ಟಿಗೆ ಹತ್ತಿಯ ದಾರ ಸುತ್ತಿ, ಅರಗು ಹಚ್ಚಿ ತುರುಕಿದರು. ಥ್ರೆಡ್ಡು ಹೋದರೆ ಥ್ರೆಡ್ಡು ಹಾಕುವುದು ಅಂತ ಅವರ ಲೆಕ್ಕ. ಇಂಜಿನ್ನು ಬಿಸಿಯಾದ ಕೂಡಲೇ ಅರಗು ಕರಗಿ ಹನಿ ಶುರುವಾಯಿತು. ಎರಡನೆಯ ದಿನ ಬಟ್ಟೆ ಸೋಪು ಉಜ್ಜಿದರು. ಪೆಟ್ರೋಲ್ ಟ್ಯಾಂಕಿಗೆ ಅದು ನಡೆಯುತ್ತದೆ, ಬಿಸಿ ಎಣ್ಣೆಗೆ ನಡೆಯಲಿಲ್ಲ. ಗೌಡರ ಕಾರಿನ ಕೆಳಗೆ ಕಪ್ಪು ನೊರೆ. ಅತ್ತೆಯವರು ಸಂದಿಯಲ್ಲಿ ಇಣುಕಿ ನೋಡಿ, ಎಣ್ಣೆ ಸೋರುತ್ತದೋ ಇಲ್ಲವೋ, ಗ್ಯಾರೇಜಿನ ನೆಲವಂತೂ ಸ್ವಚ್ಛವಾಗುತ್ತಿದೆ ಅಂದರು.

ಮೂರನೆಯ ದಿನ ಮಧ್ಯಾಹ್ನ ನಾನು ಜಗುಲಿಯಿಂದ ಪುಸ್ತಕ ತೆಗೆದು, ನನ್ನ ಹಳೆಯ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ಸ್ನಗ್ ಅನ್ನುವುದಕ್ಕೆ ಬೆಚ್ಚಗೆ ಅಂತಲೂ ಇತ್ತು, ಅದರ ಕೆಳಗೆ, ಅಲುಗದ ಹಾಗೆ ಹದವಾಗಿ ಕೂಡಿದ್ದು ಅಂತಲೂ ಇತ್ತು. ಒಂದು ಸಾಲು ಕೆಳಗೆ ಓದಿದ್ದರೆ ಚೇಂಬರು ಉಳಿಯುತ್ತಿತ್ತು. ಪುಸ್ತಕದ ಕಡೆಯ ಪುಟಗಳಲ್ಲಿ, ಥ್ರೆಡ್ಡು ಹೋದ ತೂತನ್ನು ಸರಿಪಡಿಸುವ ಕ್ರಮವೂ ಇತ್ತು. ತೂತನ್ನು ದೊಡ್ಡದು ಮಾಡಬೇಕು, ಅದಕ್ಕೆ ಹೊಸ ಥ್ರೆಡ್ಡು ಕೊರೆಯಬೇಕು, ಒಳಗೂ ಹೊರಗೂ ಥ್ರೆಡ್ಡಿರುವ ಒಂದು ಬುಷ್ಷನ್ನು, ಅಂದರೆ ಲೋಹದ ಸಣ್ಣ ಕೊಳವೆಯನ್ನು, ಅದರಲ್ಲಿ ತಿರುಗಿಸಿ ಕೂಡಿಸಬೇಕು. ಹಳೆಯ ಬೋಲ್ಟು ಆ ಬುಷ್ಷಿನೊಳಗೆ ಕೂಡುತ್ತದೆ.

ಸಂಜೆ ಊಟಕ್ಕೆ ಕೂತಾಗ ಇದನ್ನು ಮಾವನವರಿಗೆ ಹೇಳಿದೆ. ನಡುವೆ ಒಂದು ಕಡೆ, ತೂತನ್ನು 'ಟ್ಯಾಪ್' ಮಾಡಿ ಅಂತ ಬರೆದಿದೆ, ಅದು ನಲ್ಲಿಯೋ ತಟ್ಟುವುದೋ ತಿಳಿಯುತ್ತಿಲ್ಲ, ಡಿಕ್ಷನರಿಯಲ್ಲಿ ಎರಡೂ ಇವೆ ಅಂದೆ. ಮಾವನವರು ತುತ್ತು ಕೈಯಲ್ಲಿ ಹಿಡಿದು ನಕ್ಕರು. ಕೆಮ್ಮು ಬರುವ ತನಕ ನಕ್ಕರು. ಎದ್ದು ಹೋಗಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತಂದು ಬಿಚ್ಚಿದರು. ಮೈಮೇಲೆ ಹಲ್ಲಿರುವ ಉಕ್ಕಿನ ಕಡ್ಡಿಗಳು. ಥ್ರೆಡ್ಡು ಕೊರೆಯುವ ಆ ಕಡ್ಡಿಗೇ ಟ್ಯಾಪ್ ಅನ್ನುತ್ತಾರೆ ಅಂತ ಅವರಿಂದ ತಿಳಿಯಿತು. ಕಬ್ಬಿಣಕ್ಕೆ ಬಳಸಿದ್ದರು, ಇಷ್ಟು ಮೆತ್ತನೆಯ ಅಲ್ಯೂಮಿನಿಯಂಗೆ ಬಳಸಿರಲಿಲ್ಲ. ಓದು ನನ್ನದು, ಅರ್ಥ ಅವರದು.

ಹುಬ್ಬಳ್ಳಿಯ ಲೇಥಿನಲ್ಲಿ ಬುಷ್ಷು ಮಾಡಿಸಿ ತಂದರು. ಇನ್ನು ಕೊರೆಯುವವರು ಯಾರು ಅನ್ನುವುದು ಪ್ರಶ್ನೆ. ಟ್ಯಾಪು ಕೂದಲೆಳೆಯಷ್ಟು ವಾಲಿದರೂ ಹೊಸ ಚೇಂಬರೇ ತರಿಸಬೇಕು. ಮಾವನವರ ಕಣ್ಣಿಗೆ ಪೊರೆ ಬರುತ್ತಿತ್ತು. ಮಗನ ಕೈ ನೋಡಿ ಅವರು, "ಲೇ ಈರ್ಯಾ, ನೀ ಮಾತ್ರ ಮುಟ್ಟಬ್ಯಾಡ. ನಿನ್ನ ಕೈ ಎಮ್ಮಿ ಕಟ್ಟೂ ಕೈ" ಅಂದರು. ನಮ್ಮವರು ಹೌದೆಂಬಂತೆ ತಮ್ಮ ಕೈ ತಾವೇ ನೋಡಿಕೊಂಡರು.

ಆಗ ನನ್ನ ಬಾಯಿಂದ ಮಾತು ಹೊರಬಿತ್ತು. "ನಾ ಮಾಡ್ಲೇನ್ರಿ ಮಾವಾರ?"

ಮಾವನವರು ನನ್ನ ಕೈಯನ್ನೂ ಒಮ್ಮೆ ನೋಡಿದರು. ಆಮೇಲೆ ಹೇಳಿದರು: "ಮಾಡು. ಆದ್ರ ಒಂದು ಮಾತು. ಒಂದು ಹನಿ ಸೋರಿತಂದ್ರ ಇನ್ನ ಮುಂದ ಪಾನಾಕ್ಕ ಕೈ ಹಚ್ಚೂ ಹಂಗಿಲ್ಲ. ಪುಸ್ತಕಾನೂ ಮುಟ್ಟೂ ಹಂಗಿಲ್ಲ. ಗ್ಯಾರೇಜ್ ನಮ್ಮದು, ಅಡಗಿಮನಿ ನಿಮ್ಮದು."

ಸೀರೆಯ ಮೇಲೆ ನಮ್ಮವರ ಹಳೆಯ ಅಂಗಿ ತೊಟ್ಟು, ಕಾರಿನ ಕೆಳಗಿನ ಗುಂಡಿಗೆ ಇಳಿದೆ. ಅಲ್ಲಿ ತಂಪು, ಮಣ್ಣಿನ ವಾಸನೆ. ಒಂದು ಗೂಡಿನಲ್ಲಿ ಯಾರೋ ಮರೆತ ಬೀಡಿಕಟ್ಟು. ತಲೆಯ ಮೇಲೆ ಇಂಜಿನ್ನಿನ ಹೊಟ್ಟೆ. ಮಾವನವರು ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹೇಳಿದರು. ಟ್ಯಾಪಿನ ಹಲ್ಲುಗಳ ನಡುವೆ ಗ್ರೀಸು ತುಂಬು, ಕೊರೆದ ಪುಡಿ ಇಂಜಿನ್ನಿನೊಳಗೆ ಹೋಗದೆ ಗ್ರೀಸಿಗೆ ಅಂಟುತ್ತದೆ. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಮೊದಲೆರಡು ಸುತ್ತು ಎಣಿಸಿಕೊಂಡು ತಿರುಗಿಸಿದೆ. ಆಮೇಲೆ ಇದು ಚಕ್ಕುಲಿ ಒರಳಿನ ಹಿಡಿ ತಿರುಗಿಸುವ ಕೈ ಅಂತ ಗೊತ್ತಾಯಿತು. ಒತ್ತಿದರೆ ಕೆಡುತ್ತದೆ, ತಿರುಗಿಸಿದರೆ ತಾನೇ ಹೋಗುತ್ತದೆ. ನನ್ನ ಸಣ್ಣ ಕನ್ನಡಿಯನ್ನು ಚೇಂಬರಿನ ತಳಕ್ಕೆ ಹಚ್ಚಿ ನೋಡುತ್ತಿದ್ದೆ. ಟ್ಯಾಪು ಮತ್ತು ಕನ್ನಡಿಯೊಳಗಿನ ಟ್ಯಾಪು ಒಂದೇ ಗೆರೆಯಲ್ಲಿದ್ದರೆ ನೆಟ್ಟಗಿದೆ ಅಂತ ಅರ್ಥ. ಈ ಕನ್ನಡಿಯ ಉಪಾಯ ಯಾವ ಪುಸ್ತಕದಲ್ಲೂ ಇರಲಿಲ್ಲ, ಬೈತಲೆ ನೆಟ್ಟಗಿದೆಯೇ ಅಂತ ನೋಡಿಕೊಳ್ಳುವವರಿಗೆ ತಾನೇ ಬರುತ್ತದೆ.

ಬುಷ್ಷು ಕೂತಿತು. ಬೋಲ್ಟು ಅದರೊಳಗೆ ಹದವಾಗಿ, ಅಲುಗದ ಹಾಗೆ ಕೂತಿತು. ನಾನು ಮುಟ್ಟಿ ನೋಡಿದೆ. ತಣ್ಣಗಿತ್ತು.

ಮರುದಿನ ಬೆಳಿಗ್ಗೆ ಎಣ್ಣೆ ತುಂಬಿ, ಇಂಜಿನ್ನು ಅರ್ಧ ತಾಸು ಓಡಿಸಿ ಬಂದ್ ಮಾಡಿದರು. ಗುಂಡಿಯಲ್ಲಿ ಬೋಲ್ಟಿನ ನೇರಕ್ಕೆ ಒಂದು ಬಿಳಿಯ ಹಾಳೆ ಹಾಸಿದರು. ಸಂಜೆ ಐದಕ್ಕೆ ತೆಗೆದು ನೋಡುವುದು. ಅಷ್ಟರವರೆಗೆ ನಾನು ಒಳಗೆ.

ಅವತ್ತು ನಾನು ಬಡಿದ ರೊಟ್ಟಿಗಳು ಒಂದೂ ದುಂಡಗೆ ಬರಲಿಲ್ಲ. ಮಧ್ಯಾಹ್ನ ಗೌಡರು ಬಸ್ ಸ್ಟ್ಯಾಂಡಿನಿಂದ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದದ್ದು, ಅವರೂ ಮಾವನವರೂ ಗುಂಡಿಯ ಅಂಚಿಗೆ ಕೂತು ತಿಂದದ್ದು, ನಡುನಡುವೆ ಬಗ್ಗಿ ಹಾಳೆ ನೋಡಿದ್ದು ಎಲ್ಲ ಕೇಳಿಸುತ್ತಿತ್ತು. ಐದು ಹೊಡೆಯಿತು. ನಮ್ಮವರು ಬಾಗಿಲು ತೆರೆದರು. ಅವರ ಮುಖ ನೋಡಿ, ಬಡಿಯುತ್ತಿದ್ದ ರೊಟ್ಟಿಯನ್ನು ಅತ್ತೆಯವರಿಗೆ ಬಿಟ್ಟು ಹೊರಗೆ ಬಂದೆ.

ಹಾಳೆಯ ನಡುವೆ ಎಂಟಾಣೆಯಷ್ಟು ಅಗಲದ ಒಂದು ಎಣ್ಣೆಯ ಕಲೆ.

"ಮುಗೀತು" ಅಂದರು ಮಾವನವರು. ಗೌಡರು, ಒಂದೇ ಹನಿ ಅಲ್ಲವೇ, ನಡೆಯುತ್ತದೆ ಬಿಡು ಅಂತ ಸಮಾಧಾನ ಹೇಳಿದರು. ಮಾವನವರು ತಲೆಯಾಡಿಸಿದರು. ಮಾತು ಅಂದರೆ ಮಾತು.

ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಆದರೂ, ಕಡೆಗೊಮ್ಮೆ ನೋಡಿಬಿಡೋಣ ಅಂತ ಹಾಳೆಯನ್ನು ಕೇಳಿ ಪಡೆದು ಬೆಳಕಿಗೆ ಹಿಡಿದೆ. ಇಂಜಿನ್ನಿನ ಎಣ್ಣೆ ಹೊಸದಿದ್ದರೂ ಒಮ್ಮೆ ಓಡಿದ ಮೇಲೆ ಅಂಚಿಗೆ ಕಪ್ಪು ಗೆರೆ ಬಿಡುತ್ತದೆ. ಈ ಕಲೆಗೆ ಗೆರೆ ಇರಲಿಲ್ಲ, ಹಳದಿಯಾಗಿ ಪಾರದರ್ಶಕವಾಗಿತ್ತು. ಅದರ ಒಂದು ಬದಿಗೆ ಚಪ್ಪಟೆಯ, ಬಿಳಿಯ ಏನೋ ಅಂಟಿಕೊಂಡಿತ್ತು. ಮೆಣಸಿನಕಾಯಿಯ ಬೀಜ. ಮೂಗಿಗೆ ಹಿಡಿದರೆ ಕುಸುಬಿ ಎಣ್ಣೆ, ಅಜವಾನ.

ತಲೆಯೆತ್ತಿ ನೋಡಿದೆ. ಗೌಡರ ಮೀಸೆ ಸ್ವಚ್ಛವಾಗಿತ್ತು. ಮಾವನವರ ಮೀಸೆಯಲ್ಲಿ ಕಡಲೆಹಿಟ್ಟಿನ ಒಂದು ಹಳಕು ಇನ್ನೂ ಕೂತಿತ್ತು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೇ ಕೊಟ್ಟು, "ಒಮ್ಮೆ ವಾಸನಿ ನೋಡ್ರಿ ಮಾವಾರ" ಅಂದೆ.

ಅವರು ಮೂಸಿದರು. ಬೀಜವನ್ನು ಬೆರಳ ತುದಿಯಲ್ಲಿ ತೆಗೆದು ನೋಡಿದರು. ಮಿರ್ಚಿ ಹಿಡಿದಿದ್ದ ಕೈ ಮೆಲ್ಲಗೆ ಬೆನ್ನ ಹಿಂದೆ ಹೋಗಿ ಧೋತರಕ್ಕೆ ಒರೆಸಿಕೊಂಡಿತು. ಗೌಡರು ಹಾಳೆ ಕಸಿದುಕೊಂಡು ತಾವೂ ಮೂಸಿ, ಗುಂಡಿಯ ಅಂಚಿಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮವರು ಗುಂಡಿಗೆ ಇಳಿದು ಬೋಲ್ಟಿನ ಸುತ್ತ ಬೆರಳಾಡಿಸಿ, ಬೆರಳನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದರು. ಒಣಗಿತ್ತು.

ಮಾವನವರು ನನ್ನನ್ನು ಹೊಗಳಲಿಲ್ಲ, ಹೊಗಳುವ ಜಾಯಮಾನ ಅವರದಲ್ಲ. ತೆರೆದ ಬಾಗಿಲಿನ ಕಡೆ ತಿರುಗಿ, ಒಳಗೆ ಒಲೆಯ ಮುಂದೆ ಕೂತಿದ್ದ ಅತ್ತೆಯವರಿಗೆ ಕೇಳುವ ಹಾಗೆ ಹೇಳಿದರು: "ಏ ಇಕಿನ, ನಾಳಿಯಿಂದ ರೊಟ್ಟಿ ನೀನ ಬಡೀಬೇಕ ನೋಡು. ಶಾಂತಾಗ ಇಲ್ಲೆ ಕೆಲಸ ಐತಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆಯವರು ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಮದುವೆಯಾಗಿ ನಲವತ್ತು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿ ಗ್ಯಾರೇಜಿನಲ್ಲಿ ನಿಂತರು. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದನ್ನೆಲ್ಲ ಒಮ್ಮೆ ನಿಧಾನವಾಗಿ ನೋಡಿದರು.

"ಹಂಗಾದ್ರ ನನಗೂ ಒಂದು ಪಾನಾ ಕೊಡ್ರಿ," ಅಂದರು. "ರೊಟ್ಟಿ ನೀವ ಬಡೀರಿ."